ಮೂರು ತ್ರಿಕೋನಗಳಾದ ಮೇಲೆ

ಕೆಲವರು ಹಾವಿಗೆ ಹೆದರುತ್ತಾರೆ, ಕೆಲವರು ಹೆಂಡತಿಯ ತವರಿನವರಿಗೆ ಹೆದರುತ್ತಾರೆ. ನಮ್ಮ ಕಚೇರಿಯ ಜವಾನ ಹಲ್ಲಿಯನ್ನು ಕಂಡರೆ ಖುರ್ಚಿ ಹತ್ತಿ ನಿಲ್ಲುತ್ತಾನೆ. ನಾನು ತ್ರಿಕೋನಕ್ಕೆ ಹೆದರುತ್ತೇನೆ. ಇದನ್ನು ಈವರೆಗೆ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ; ನಲವತ್ತೊಂಬತ್ತು ತುಂಬಿದ, ತಲೆ ಅರ್ಧ ನೆರೆತ ಸರಕಾರಿ ನೌಕರ ಹೇಳಿಕೊಳ್ಳುವಂಥ ಮಾತೂ ಅಲ್ಲ. ಆದರೆ ಬಸ್‌ ನಿಲ್ದಾಣದ ಹೋಟೆಲಿನಲ್ಲಿ ಸಮೋಸಾದ ತಟ್ಟೆ ಮುಂದೆ ಬಂದರೆ ಸಾಕು, ನನ್ನ ಕಣ್ಣು ತಾನಾಗಿ ಅದರ ತುದಿ ಯಾವ ದಿಕ್ಕಿಗೆ ಇದೆ ಎಂದು ಹುಡುಕತೊಡಗುತ್ತದೆ. ತಟ್ಟೆಯಲ್ಲಿ ಎರಡಿದ್ದರಂತೂ ಕೇಳುವುದೇ ಬೇಡ. ಒಂದನ್ನು ತಿರುಗಿಸಿದರೆ ಇನ್ನೊಂದಾಗುತ್ತದೆಯೋ, ಮಗುಚಿದರೆ ಆಗುತ್ತದೆಯೋ ಎಂದು ತೂಗಿ ನೋಡುವಷ್ಟರಲ್ಲಿ ಚಹಾ ಆರಿ, ಬಸ್ಸು ಬಂದು, ಬಸ್ಸು ಹೋಗಿಯೂ ಆಗಿರುತ್ತದೆ. ರಸ್ತೆಯ ಬದಿಯ ಎಚ್ಚರಿಕೆ ಫಲಕ, ದೀಪಾವಳಿಯ ರಂಗೋಲಿ, ಹೆಂಡತಿ ಮಡಚಿಟ್ಟ ಕರವಸ್ತ್ರ, ಯಾವುದನ್ನೂ ನಾನು ನೆಮ್ಮದಿಯಿಂದ ನೋಡಿ ಎಷ್ಟು ತಿಂಗಳಾಯಿತೋ ಲೆಕ್ಕವಿಲ್ಲ.

ಈ ರೋಗ ಹತ್ತಿದ್ದು ಒಂದು ಸುತ್ತೋಲೆಯಿಂದ. ನಾನು ಇಪ್ಪತ್ನಾಲ್ಕು ವರ್ಷ ರೋಣದ ನಮ್ಮ ಇಲಾಖೆಯ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಮನೆ ಗಜೇಂದ್ರಗಡದಲ್ಲಿ. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಬಸ್ಸು ಹತ್ತಿದರೆ ದಾರಿಯ ರಾಜೂರಿನಲ್ಲಿ ಕೂರಲು ಜಾಗ ಸಿಗುತ್ತಿತ್ತು, ಸಂಜೆ ಬರುವಾಗ ಅದೇ ರಾಜೂರಿನಲ್ಲಿ ಮತ್ತೆ ಜಾಗ ಸಿಗುತ್ತಿತ್ತು. ನನ್ನ ಸೇವಾವಧಿಯ ಸಾರಾಂಶ ಇಷ್ಟೇ. ಮೇಲ್ವಿಚಾರಕನಾಗಬೇಕಾದರೆ ಇಲಾಖೆಯ ಬಡ್ತಿ ಪರೀಕ್ಷೆ ಪಾಸಾಗಬೇಕು. ಮೊದಲು ಅದರಲ್ಲಿ ಎರಡೇ ಭಾಗ: ನಿಯಮಾವಳಿ ಮತ್ತು ಪತ್ರವ್ಯವಹಾರ. ಅವೆರಡೂ ನನಗೆ ನೀರು ಕುಡಿದಷ್ಟು ಸುಲಭ, ಅದಕ್ಕೇ ಯಾವಾಗ ಬರೆದರೂ ಆಯಿತು ಎಂದು ವರ್ಷವರ್ಷ ಮುಂದೂಡಿದ್ದೆ. ಯಾವ ನಿಯಮದ ಯಾವ ಉಪನಿಯಮದಲ್ಲಿ ಯಾವ ವಿನಾಯಿತಿ ಅಡಗಿದೆ ಎಂದು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತೇನೆ. ಆದರೆ ಕಳೆದ ವರ್ಷ ಯಾರೋ ಪುಣ್ಯಾತ್ಮರು ಸುತ್ತೋಲೆ ಹೊರಡಿಸಿ ಅದಕ್ಕೆ ಮೂರನೆಯ ಭಾಗವೊಂದನ್ನು ಜೋಡಿಸಿಬಿಟ್ಟರು. ಹೆಸರು ಅಮೂರ್ತ ತರ್ಕ. ಇಪ್ಪತ್ತು ಪ್ರಶ್ನೆ, ಎಲ್ಲವೂ ಚಿತ್ರ, ಒಂದಕ್ಷರವೂ ಇಲ್ಲ. ಇಪ್ಪತ್ತರಲ್ಲಿ ಎಂಟು ಸರಿಯಾಗದಿದ್ದರೆ ಉಳಿದ ಎರಡು ಭಾಗಗಳ ಅಂಕಗಳು ಎಷ್ಟಿದ್ದರೂ ಕಸದ ಬುಟ್ಟಿಗೆ. ಇದು ಬಹಳ ದಿನ ಬಾಳುವ ಪದ್ಧತಿಯಲ್ಲ, ಬರುವ ವರ್ಷ ತೆಗೆದುಹಾಕುತ್ತಾರೆ ಎಂದುಕೊಂಡು ನಾನು ಹೋದ ವರ್ಷ ಪರೀಕ್ಷೆಗೇ ಕೂರಲಿಲ್ಲ. ಈ ವರ್ಷವೂ ತೆಗೆಯಲಿಲ್ಲ. ಐವತ್ತು ದಾಟಿದವರಿಗೆ ಪರೀಕ್ಷೆಗೆ ಅವಕಾಶವಿಲ್ಲ ಎಂಬ ಉಪನಿಯಮ ಮಾತ್ರ ನನಗೆ ಚೆನ್ನಾಗಿ ಬಾಯಿಪಾಠವಿತ್ತು.

ಹಾಗಾದರೆ ಬಡ್ತಿಯೇ ಬೇಡ ಎಂದು ಕೈಚೆಲ್ಲಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೈಚೆಲ್ಲುವುದರಲ್ಲಿ ನನ್ನಷ್ಟು ಪಳಗಿದವರು ನಮ್ಮ ಕಚೇರಿಯಲ್ಲಿ ಇನ್ನೊಬ್ಬರಿಲ್ಲ. ಆದರೆ ನಡುವೆ ಅಪ್ಪನ ಕಣ್ಣು ಬಂತು. ಅಪ್ಪನಿಗೆ ಎಂಬತ್ತು. ಎರಡೂ ಕಣ್ಣಿಗೆ ಪೊರೆ. ಬಾಗಿಲಲ್ಲಿ ನಿಂತವರು ಗಂಡಸೋ ಹೆಂಗಸೋ ಎನ್ನುವಷ್ಟು ಕಾಣುತ್ತದೆ, ಅದೂ ಬಿಸಿಲಿದ್ದರೆ. ಗದಗಿನ ಕಣ್ಣಿನ ದವಾಖಾನೆಯಲ್ಲಿ ತೋರಿಸಿದಾಗ ವೈದ್ಯರು, ಈ ಬೇಸಿಗೆಯೊಳಗೆ ಮಾಡಿಸಿಬಿಡಿ, ಆಮೇಲೆ ಕಷ್ಟ ಎಂದರು. ನಾನು ತಯಾರಿದ್ದೆ, ನನ್ನ ಹೆಂಡತಿ ಸುಮಿತ್ರಾ ತಯಾರಿದ್ದಳು, ಅಪ್ಪ ಮಾತ್ರ ಕರಾರು ಹಾಕಿದ.

"ಕಣ್ಣ ಕೊಯ್ಸಿಕೊಳ್ಳಾಕ ನಂದೇನೂ ಅಭ್ಯಂತರ ಇಲ್ಲ. ಆದ್ರ ಎರಡೆರಡು ತಾಸಿಗೆ ಹನಿ ಹಾಕಾವ್ರು ಯಾರು? ಸೊಸಿ ಕೈಯಾಗ ಮಗ್ಗದ ಲಾಳಿ ಇರತೈತಿ. ನೀ ರೋಣದಾಗ ಇರತಿ."

"ನಾ ರಜಾ ಹಾಕತೀನಿ ಅಪ್ಪಾ."

"ರಜಾ ಹಾಕಿ ಹನಿ ಹಾಕಿದ್ರ ನಿನ್ನ ಲಕ್ಷ್ಯ ಆಫೀಸಿನಾಗ ಇರತೈತಿ, ನನ್ನ ಹನಿ ಮೂಗಿನ ಮ್ಯಾಲ ಬೀಳತೈತಿ. ಊರಿಗೆ ಬದಲಿ ಮಾಡಿಸ್ಕೊಂಡು ಬಾ. ಮರುದಿನಾನ ಹೋಗೂಣು."

ಇದು ಬರೀ ಹಟವಲ್ಲ, ಹೆದರಿಕೆ ಎಂದು ನನಗೂ ಗೊತ್ತಿತ್ತು. ಜೀವಮಾನವಿಡೀ ಮಗ್ಗದ ಮೇಲೆ ಕಣ್ಣನ್ನೇ ನಂಬಿ ಬದುಕಿದವನು ಅದಕ್ಕೆ ಕತ್ತರಿ ತಾಗಿಸುವುದೆಂದರೆ ಒಂದು ನೆಪ ಹುಡುಕುತ್ತಾನೆ. ಆದರೆ ನೆಪವಾದರೂ ಎಂಥದ್ದನ್ನು ಹುಡುಕಿದ ನೋಡಿ. ಗಜೇಂದ್ರಗಡದ ನಮ್ಮ ಶಾಖಾ ಕಚೇರಿಯಲ್ಲಿ ಮೇಲ್ವಿಚಾರಕರು ಅದೇ ತಿಂಗಳು ನಿವೃತ್ತರಾಗಿದ್ದರು. ಖುರ್ಚಿ ಖಾಲಿ. ಮನೆಯಿಂದ ನಡೆದರೆ ಎಂಟು ನಿಮಿಷ. ಗುಮಾಸ್ತನ ಜಾಗ ಅಲ್ಲಿಲ್ಲ. ಹೋದರೆ ಮೇಲ್ವಿಚಾರಕನಾಗಿಯೇ ಹೋಗಬೇಕು. ಅಂದರೆ ಅಪ್ಪನ ಕಣ್ಣು ತೆರೆಯಬೇಕಾದರೆ ನಾನು ಇಪ್ಪತ್ತು ಚಿತ್ರಗಳಲ್ಲಿ ಎಂಟನ್ನು ಸರಿಯಾಗಿ ನೋಡಬೇಕು. ಇದನ್ನು ಮೊದಲ ಸಲ ಸ್ಪಷ್ಟವಾಗಿ ವಿಚಾರ ಮಾಡಿದ ದಿನ ನಾನು ಬಸ್ಸಿನಲ್ಲಿ ಇಳಿಯುವ ನಿಲ್ದಾಣ ದಾಟಿ ಮುಂದೆ ಹೋಗಿಬಿಟ್ಟಿದ್ದೆ.

ಯಾಕೆಂದರೆ ನನಗೆ ಕಣ್ಣಿಲ್ಲ. ಇದು ನಾನು ಹೇಳುತ್ತಿರುವುದಲ್ಲ, ಅಪ್ಪನೇ ಮೂವತ್ತಾರು ವರ್ಷಗಳ ಹಿಂದೆ ಕೊಟ್ಟ ತೀರ್ಪು. ನಮ್ಮದು ಸೀರೆ ನೇಯುವ ಮನೆ. ಅಂಚಿಗೆ ನಾವು ದಡಿ ಅನ್ನುತ್ತೇವೆ. ನಮ್ಮ ಮನೆಯ ದಡಿಯಲ್ಲಿ ಒಂದು ಎಲೆಯ ನಮೂನೆ ಇದೆ. ಮೊದಲು ಒಂದು ಎಲೆ, ಆಮೇಲೆ ಎರಡು, ಆಮೇಲೆ ಮೂರು, ಮತ್ತೆ ಎರಡು, ಮತ್ತೆ ಒಂದು. ಏರಿ ಇಳಿದು, ಏರಿ ಇಳಿದು, ಸೀರೆಯ ಉದ್ದಕ್ಕೂ ಹೀಗೇ ಸಾಗುತ್ತದೆ. ನನಗೆ ಹದಿಮೂರು ವರ್ಷವಿದ್ದಾಗ ಅಪ್ಪ ಒಂದು ದಿನ ಲಕ್ಕಲಕಟ್ಟಿಗೆ ಮದುವೆಗೆ ಹೋಗಿದ್ದ. ಬರುವಷ್ಟರಲ್ಲಿ ಒಂದು ಗೇಣು ನೇಯ್ದು ಶಹಬ್ಬಾಸ್‌ ಅನ್ನಿಸಿಕೊಳ್ಳೋಣ ಎಂದು ನಾನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತೆ. ಒಂದು ಎಲೆ ಬಂತು, ಎರಡು ಬಂತು, ಮೂರು ಬಂತು. ಕೈಗೆ ಹುರುಪು ಬಂದಿತ್ತು. ನಾಲ್ಕು ಎಲೆ ಹಾಕಿದೆ, ಐದು ಹಾಕಿದೆ. ದಡಿಯ ಗೆರೆಯನ್ನು ದಾಟಿ ನನ್ನ ಎಲೆಗಳು ಸೀರೆಯ ಮೈಯೊಳಗೆ ಕಾಲಿಟ್ಟಿದ್ದು ನನಗೆ ತಿಳಿಯಲೇ ಇಲ್ಲ.

ಅಪ್ಪ ಬಂದವನು ಬಯ್ಯಲಿಲ್ಲ, ಹೊಡೆಯಲಿಲ್ಲ. ಬಟ್ಟೆಯ ಮೇಲೆ ಬೆರಳಾಡಿಸಿ ನಾಲ್ಕನೆಯ ಎಲೆಯ ಹತ್ತಿರ ನಿಲ್ಲಿಸಿದ. "ನಿನಗ ಕಣ್ಣ ಇಲ್ಲೋ ತಮ್ಮಾ," ಅಂದ. "ಸಾಲಿಗೆ ಹೋಗು." ಓದು ಬರಹ ಬೇರೆಯವರ ಮನೆಯಲ್ಲಿ ಬಹುಮಾನ, ನನಗೆ ಬಂದದ್ದು ಶಿಕ್ಷೆಯಾಗಿ. ಕೆಟ್ಟ ಆ ತುಂಡನ್ನು ಅವ್ವ ಕತ್ತರಿಸಿ ಕೌದಿಯೊಳಗೆ ಹೊಲಿದಳು. ಆಕೆ ತೀರಿಕೊಂಡು ಹನ್ನೊಂದು ವರ್ಷವಾಯಿತು, ಕೌದಿ ಇನ್ನೂ ಗಟ್ಟಿಮುಟ್ಟಾಗಿದೆ, ಅಪ್ಪ ಅದನ್ನೇ ಹಾಸಿಕೊಳ್ಳುತ್ತಾನೆ. ನನಗೆ ನೌಕರಿ ಸಿಕ್ಕಾಗ, ಮದುವೆಯಾದಾಗ, ಈಗ ಹಾಸ್ಟೆಲಿನಲ್ಲಿರುವ ಮಗಳು ಹುಟ್ಟಿದಾಗ ಅಪ್ಪ ಖುಷಿಪಟ್ಟಿದ್ದಾನೆ. ಆದರೆ ತೀರ್ಪನ್ನು ಮಾತ್ರ ಹಿಂತೆಗೆದುಕೊಂಡಿಲ್ಲ. ಯಾರಾದರೂ ಹಿರಿಯ ನೇಕಾರರು ಮನೆಗೆ ಬಂದು, ಮಗ ಯಾಕೆ ಮಗ್ಗಕ್ಕೆ ಕೂರಲಿಲ್ಲ ಎಂದು ಕೇಳಿದರೆ, "ಅವಂಗ ಕಣ್ಣ ಇಲ್ರಿ, ಅದಕ್ಕ ಸರಕಾರಕ್ಕ ಕೊಟ್ಟೀನಿ," ಅನ್ನುತ್ತಾನೆ.

ಇಂಥ ನಾನು ಬಸ್‌ ನಿಲ್ದಾಣದ ಅಂಗಡಿಯಿಂದ ಆಕೃತಿ ಪ್ರಶ್ನೆಗಳ ಪುಸ್ತಕವೊಂದನ್ನು ಕೊಂಡು ಅಭ್ಯಾಸಕ್ಕೆ ಕುಳಿತೆ. ಮೊದಲ ಪ್ರಶ್ನೆಯಲ್ಲಿ ಒಂದು ಬಾಣ ಮೇಲೆ ನೋಡುತ್ತಿತ್ತು, ಆಮೇಲೆ ಬಲಕ್ಕೆ, ಆಮೇಲೆ ಕೆಳಗೆ. ಮುಂದೆ ಎಡಕ್ಕೆ ಎಂದು ಹೇಳಿದೆ. ಉತ್ತರ ನೋಡಿದರೆ ಸರಿ. ಆ ಒಂದು ದಿನ ಬಹಳ ಹಗುರಾಗಿ ಉಂಡು ಮಲಗಿದೆ. ಎರಡನೆಯ ಪ್ರಶ್ನೆಯಿಂದ ಪುಸ್ತಕ ತನ್ನ ಗುಣ ತೋರಿಸಿತು. ಚೌಕದೊಳಗೆ ವೃತ್ತ, ವೃತ್ತದೊಳಗೆ ಅರ್ಧ ಕಪ್ಪು, ಮೂಲೆಯಲ್ಲೊಂದು ಚುಕ್ಕೆ. ಮುಂದಿನ ಚೌಕದಲ್ಲಿ ಚುಕ್ಕೆ ಎಲ್ಲೋ ಹೋಗಿದೆ, ಕಪ್ಪು ಇನ್ನೆಲ್ಲೋ ಬಂದಿದೆ. ಚುಕ್ಕೆಯನ್ನು ಹಿಡಿದರೆ ಕಪ್ಪು ತಪ್ಪಿಸಿಕೊಳ್ಳುತ್ತದೆ, ಕಪ್ಪನ್ನು ಹಿಡಿದರೆ ವೃತ್ತವೇ ಬೇರೆಯಾಗಿರುತ್ತದೆ. ದಿಟ್ಟಿಸಿ ನೋಡುತ್ತಾ ಕುಳಿತರೆ ನನಗೆ ಅದರಲ್ಲಿ ನಮ್ಮ ಸಾಹೇಬರ ಮುಖ ಕಾಣುತ್ತಿತ್ತು, ಒಮ್ಮೊಮ್ಮೆ ಮೀಸೆ ಸಮೇತ. ಆದರೆ ಸಾಹೇಬರು ಎಂಬ ಆಯ್ಕೆ ಕೆಳಗೆ ಇರುತ್ತಿರಲಿಲ್ಲ. ಇಪ್ಪತ್ತು ಪ್ರಶ್ನೆ ಬಿಡಿಸಿ ಹಿಂದಿನ ಪುಟ ನೋಡಿದರೆ ನಾಲ್ಕು ಸರಿ. ಮರುದಿನ ಮೂರು.

ನರಗುಂದದ ಕಚೇರಿಯಲ್ಲಿ ನನ್ನ ಓರಗೆಯ ಹೊಸಮನಿ ಎಂಬವರಿದ್ದಾರೆ. ಹೋದ ವರ್ಷ ಇದೇ ಭಾಗದಲ್ಲಿ ಹದಿನೇಳು ತೆಗೆದವರು. ನಾಚಿಕೆ ಬಿಟ್ಟು ಫೋನ್‌ ಮಾಡಿದೆ.

"ಆಕೃತಿ ಹ್ಯಾಂಗ ಬಿಡಿಸಿದ್ರಿ ಹೊಸಮನಿಯವರ?"

"ನೋಡಿದೆ, ಗುರುತ ಹಾಕಿದೆ."

"ಅಂದ್ರ ಏನ್‌ ನೋಡಿದ್ರಿ?"

"ಚಿತ್ರಾನ ನೋಡಿದೆ, ಮತ್ತೇನ್‌ ನೋಡ್ಲಿ? ವಿಚಾರ ಮಾಡಾಕ ಹೋಗಬ್ಯಾಡ್ರಿ, ವಿಚಾರ ಮಾಡಿದ್ರ ಕೆಡತೈತಿ. ಬರೇ ನೋಡ್ರಿ, ತಾನ ಹೊಳಿತೈತಿ."

ಅಂದಿನಿಂದ ನಾನು ಬರೇ ನೋಡತೊಡಗಿದೆ. ಹೋಗುವಾಗ ಒಂದು ತಾಸು, ಬರುವಾಗ ಒಂದು ತಾಸು, ಬಸ್ಸಿನ ಕಿಟಕಿಯ ಬದಿಗೆ ಪುಸ್ತಕ ಹಿಡಿದು ಬರೇ ನೋಡಿದೆ. ಏನೂ ಹೊಳೆಯಲಿಲ್ಲ. ಪಕ್ಕದಲ್ಲಿ ಕುಳಿತ ರಾಜೂರಿನ ಒಬ್ಬ ಮುದುಕ ಮಾತ್ರ ಎರಡು ದಿನ ಸುಮ್ಮನಿದ್ದು ಮೂರನೆಯ ದಿನ, "ಸರ್ರ, ಅದರಾಗ ಕುಂಡಲಿ ನೋಡತೀರೇನ್ರಿ? ನಮ್ಮ ಹುಡುಗಿದೊಂದು ತೋರಸೂದಿತ್ತು," ಎಂದು ಕೇಳಿದ.

ಆಗ ನನಗೊಂದು ಭಾರಿ ಉಪಾಯ ಹೊಳೆಯಿತು. ಮನೆಯಲ್ಲೇ ಸುಮಿತ್ರಾ ಇದ್ದಾಳೆ. ನೇಕಾರರ ಮಗಳು, ನೇಕಾರರ ಸೊಸೆ. ಅಪ್ಪ ಬಿಟ್ಟ ಮಗ್ಗದಲ್ಲಿ ಇಪ್ಪತ್ತು ವರ್ಷಗಳಿಂದ ನೇಯುತ್ತಿದ್ದಾಳೆ. ಒಂದೆಳೆ ಆಚೀಚೆ ಆದರೆ ಮಲಗಿದಲ್ಲಿಂದ ಎದ್ದು ಬಂದು ಸರಿಪಡಿಸುವವಳು. ಇವಳಿಗೆ ಹೊಳೆಯದ ನಮೂನೆ ಇನ್ನಾವುದು? ಒಂದು ಭಾನುವಾರ ಮುಂಜಾನೆ ಪುಸ್ತಕ ಹಿಡಿದು ಮಗ್ಗದ ಬದಿಗೆ ಹೋಗಿ ಕುಳಿತೆ. ಮೊದಲು ತೋರಿಸಿದ್ದು, ನಾಲ್ಕರಲ್ಲಿ ಗುಂಪಿಗೆ ಸೇರದ್ದು ಯಾವುದು ಎಂಬ ಪ್ರಶ್ನೆ. ನಾಲ್ಕು ಸಣ್ಣ ಬಾವುಟಗಳು. ಸುಮಿತ್ರಾ ಲಾಳಿ ನಿಲ್ಲಿಸಿ ಒಂದು ಕ್ಷಣ ನೋಡಿದಳು.

"ಎಲ್ಲಾ ಒಂದ ಅದಾವಲ್ರಿ."

"ಹ್ಯಾಂಗ ಒಂದ? ಒಂದು ಬ್ಯಾರೆ ಇರಾಕಬೇಕು."

"ಈ ಮೂರು ಬಲದಡಿವು. ಇದೊಂದು ಎಡದಡಿದು. ಸೀರಿ ಮಡಿಚಿದ್ರ ಒಂದರ ಮ್ಯಾಲೊಂದು ಕೂಡತಾವ. ಬ್ಯಾರೆ ಹ್ಯಾಂಗ ಆದೀತು?"

ಪುಸ್ತಕದ ಪ್ರಕಾರ ಅವಳು ಎಡದಡಿ ಎಂದದ್ದೇ ಬೇರೆ. ಕನ್ನಡಿಯಲ್ಲಿ ಕಾಣುವಂತೆ ಮಗುಚಿದ್ದು, ಆದ್ದರಿಂದ ಗುಂಪಿಗೆ ಸೇರದು. ಇದನ್ನು ಹೇಳಿದಾಗ ಸುಮಿತ್ರಾ ನನ್ನನ್ನು ಕನಿಕರದಿಂದ ನೋಡಿದಳು. "ಎಡಕ್ಕೊಂದು ಬಲಕ್ಕೊಂದು ಇದ್ರನ ಜೋಡಿ. ಎರಡೂ ಕಡೆ ಬಲದಡಿ ಹಾಕಿ ಸೀರಿ ಕೊಟ್ರ ಯಾರ ಉಡತಾರ್ರಿ? ಈ ಪುಸ್ತಕ ಬರದಾಂವ ಹೆಂಡ್ತಿ ಸೀರಿ ಮಡಿಚಿದಾಂವಲ್ಲ," ಎಂದು ಮತ್ತೆ ಲಾಳಿ ಹಿಡಿದಳು. ನಾನೂ ಮಡಿಚಿದವನಲ್ಲ, ಹಾಗಾಗಿ ಮಾತು ಬೆಳೆಸಲಿಲ್ಲ.

ಮುಂದಿನದು ಸರಣಿಯ ಪ್ರಶ್ನೆ. ಮೊದಲ ಚೌಕದಲ್ಲಿ ಒಂದು ತ್ರಿಕೋನ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಮೂರು. ನಾಲ್ಕನೆಯದರಲ್ಲಿ ಏನು? ಸುಮಿತ್ರಾ ತಲೆ ಎತ್ತದೆ, "ಎರಡು," ಅಂದಳು. ತಮಾಷೆ ಏನೆಂದರೆ ನನ್ನ ಬಾಯಿಂದಲೂ ಅದೇ ಗಳಿಗೆಗೆ "ಎರಡು" ಎಂದೇ ಬಂತು. ಇಬ್ಬರೂ ಹಿಂದಿನ ಪುಟ ತೆರೆದು ನೋಡಿದೆವು. ನಾಲ್ಕು ಎಂದಿತ್ತು. ಅಚ್ಚಿನ ತಪ್ಪಿರಬೇಕು ಎಂದು ಸುಮಿತ್ರಾ ತೀರ್ಮಾನಿಸಿದಳು.

ಮಂಚದ ಮೇಲೆ ಕುಳಿತು ಕೇಳುತ್ತಿದ್ದ ಅಪ್ಪ, "ಏನದು, ನನಗೂ ತೋರಸ್ರಿ," ಅಂದ. ಕಾಣದವನಿಗೆ ತೋರಿಸುವುದು ಹೇಗೆ? ಸುಮಿತ್ರಾ ಅಡುಗೆಮನೆಯಿಂದ ಹುಣಸೆಬೀಜ ತಂದು, ರೊಟ್ಟಿ ನಾದುವ ಪರಾತದಲ್ಲಿ ಹಿಟ್ಟು ಹರಡಿ, ಅದರ ಮೇಲೆ ಒಂದು ಬೀಜ, ಸ್ವಲ್ಪ ದೂರದಲ್ಲಿ ಎರಡು, ಆಮೇಲೆ ಮೂರು ಇಟ್ಟಳು. ಅಪ್ಪನ ಬೆರಳು ಒಂದನ್ನು ಮುಟ್ಟಿತು, ಎರಡನ್ನು ಮುಟ್ಟಿತು, ಮೂರನ್ನು ಮುಟ್ಟಿತು. ಬೀಜದ ಡಬ್ಬಿಗೆ ಕೈ ಹಾಕಿ ಎರಡು ಬೀಜ ತೆಗೆದು ಮುಂದಿಟ್ಟ. ಯಾರೂ ಕೇಳದಿದ್ದರೂ ಅದರ ಮುಂದೆ ಇನ್ನೊಂದನ್ನೂ ಇಟ್ಟು ನಮೂನೆ ಮುಗಿಸಿದ.

"ಪುಸ್ತಕದಾಗ ನಾಕು ಅಂತ ಐತಿ ಅಪ್ಪಾ," ಅಂದೆ.

"ಮೂರಕ್ಕ ಏರಿದ ಮ್ಯಾಲ ಇಳೀಬೇಕು. ನಾಕು ಇಟ್ರ ದಡಿ ದಾಟಿ ಮೈಯಾಗ ಹೋಗತೈತಿ. ನಾಕಾದ ಮ್ಯಾಲ ಐದಂತೇನು? ಐದಾದ ಮ್ಯಾಲ ಆರು? ಎಲ್ಲಿ ನಿಂದರೂದು ಅದು?" ಹಾಗೆಂದವನು ನನ್ನ ಕಡೆ ತಿರುಗಿ ಕೇಳಿದ. "ನೀ ಏನ್‌ ಹೇಳಿದ್ದಿ?"

"ಎರಡು ಅಂದೆ."

"ನೋಡದ, ಎಣಸದ?"

"ತಾನ ಬಂತು ಅಪ್ಪಾ."

ಅಪ್ಪ ಇಟ್ಟ ಬೀಜಗಳನ್ನು ಇನ್ನೊಮ್ಮೆ ಮುಟ್ಟಿ ಎಣಿಸಿದ. ಹಿಟ್ಟಾದ ಬೆರಳನ್ನು ಪಂಚೆಗೆ ಒರೆಸಿಕೊಂಡು, "ಅಂದ್ರ ಬಂತು ಬಿಡು. ಮೂವತ್ತಾರು ವರ್ಷ ಹಿಡೀತು, ಆದ್ರ ಕಣ್ಣ ಬಂತು ನಿನಗ," ಅಂದ. ಸುಮಿತ್ರಾ ಬೀಜಗಳನ್ನು ಡಬ್ಬಿಗೆ ತುಂಬುತ್ತಾ ನನ್ನ ಕಡೆ ನೋಡಿದಳು. ನಾನು ಎದ್ದು ಹಿತ್ತಲಿಗೆ ಹೋಗಿ ಕಾಲು ತೊಳೆಯುವ ನೆಪದಲ್ಲಿ ಮುಖ ತೊಳೆದುಕೊಂಡೆ. ನೌಕರಿಯ ಆದೇಶ ಕೈಗೆ ಬಂದ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ, ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ಸಂತೋಷ ಹಿತ್ತಲಿನಿಂದ ಪಡಸಾಲೆಗೆ ಬರುವವರೆಗೆ ಇತ್ತು. ಅಲ್ಲಿ ಪುಸ್ತಕ ಬಿದ್ದಿತ್ತು. ಅದನ್ನು ನೋಡಿದ ಕೂಡಲೇ ವಿಷಯ ತಿಳಿಯಿತು. ಇಷ್ಟು ದಿನ ನಾನು ತಪ್ಪುತ್ತಿದ್ದದ್ದು ಕಣ್ಣಿಲ್ಲದೆ ಅಲ್ಲ, ಕಣ್ಣಿದ್ದುದರಿಂದ. ಹಳೆಯ ಉತ್ತರಗಳನ್ನೆಲ್ಲ ತೆಗೆದು ನೋಡಿದೆ. ಎಡಬಲದ ಜೋಡಿಯನ್ನು ಒಂದೇ ಎಂದು ಬಿಟ್ಟಿದ್ದೆ. ಬೆಳೆಯುತ್ತಾ ಹೋಗಬೇಕಾದದ್ದನ್ನೆಲ್ಲ ಇಳಿಸಿ ತಂದಿದ್ದೆ. ತೆರೆದುಕೊಂಡೇ ಇರಬೇಕಾದದ್ದನ್ನು ಮುಚ್ಚಿ ಅಂದಗೊಳಿಸಿದ್ದೆ. ನನ್ನ ಮೊದಲ ದಿನದ ಹದಿನಾರು ತಪ್ಪುಗಳನ್ನೂ ಒಂದು ಸೀರೆಯ ಅಂಚಿಗೆ ಹಾಕಿದ್ದರೆ ಗಜೇಂದ್ರಗಡದ ಪೇಟೆಯಲ್ಲಿ ಕಣ್ಣು ಮುಚ್ಚಿಕೊಂಡು ಖರೀದಿಸುತ್ತಿದ್ದರು. ಅಪ್ಪ ಹೇಳಿದ್ದು ನಿಜ, ಕಣ್ಣು ಬಂದಿತ್ತು. ಬರುವ ಭಾನುವಾರ ಪರೀಕ್ಷೆ. ಈ ಕಣ್ಣು ಹಿಡಿದು ಹೋದರೆ ಅಪ್ಪನ ಕಣ್ಣು ತೆರೆಯುವಂತಿಲ್ಲ.

ಉಳಿದ ಏಳು ದಿನ ನಾನು ಪಟ್ಟ ಪಾಡು ಯಾರಿಗೂ ಬೇಡ. ಉಂಡದ್ದು ಮೈಗೆ ಹತ್ತಲಿಲ್ಲ. ಕಚೇರಿಯಲ್ಲಿ ಒಂದು ಕಡತವನ್ನು ಎರಡು ಸಲ ರವಾನಿಸಿ, ಇನ್ನೊಂದನ್ನು ರವಾನಿಸಿದ್ದೇನೆಂದು ತಿಳಿದು ಅದರ ಮೇಲೇ ಕುಳಿತಿದ್ದೆ. ಕೊನೆಗೆ ಒಂದು ಯುಕ್ತಿ ಕಂಡುಕೊಂಡೆ. ಪ್ರತಿ ಪ್ರಶ್ನೆಗೂ ಮೊದಲು ಮನಸ್ಸಿನಲ್ಲೇ ಸುಮಿತ್ರಾಳನ್ನು ಕೇಳುವುದು. ಅವಳು ಯಾವುದನ್ನು ಹೇಳುತ್ತಾಳೋ ಅದನ್ನು ಗೌರವದಿಂದ ಬದಿಗಿಟ್ಟು, ಉಳಿದ ಮೂರರಲ್ಲಿ ಅತ್ಯಂತ ವಿಕಾರವಾದದ್ದನ್ನು ಆರಿಸುವುದು. ಈ ಪದ್ಧತಿಯಲ್ಲಿ ನನ್ನ ಅಂಕ ಮೂರರಿಂದ ಆರಕ್ಕೆ ಏರಿತು, ಒಂದು ದಿನ ಏಳಕ್ಕೂ ಏರಿತು. ಹೆಂಡತಿಯ ಮಾತು ಕೇಳದಿರುವುದಕ್ಕೆ ಇಷ್ಟು ಸ್ಪಷ್ಟವಾದ ಲಾಭವನ್ನು ನಾನು ಮದುವೆಯಾದಂದಿನಿಂದ ಕಂಡಿರಲಿಲ್ಲ. ಆದರೆ ಬೇಕಾದದ್ದು ಎಂಟು. ಆ ಎಂಟನೆಯದು ಎಲ್ಲಿಂದ ಬರಬೇಕೋ ತಿಳಿಯದೆ ದಿನಾ ಮಂಚದ ಮೇಲಿನ ಅಪ್ಪನ ಮುಖ ನೋಡುತ್ತಿದ್ದೆ. ಅಪ್ಪನೋ ಬಂದವರಿಗೆಲ್ಲ ಖುಷಿಯಿಂದ, "ನಮ್ಮ ಈರಣ್ಣಗ ಕಣ್ಣ ಬಂತ್ರಿ. ಪರೀಕ್ಷಾ ಬಿಡ್ರಿ, ಅದೇನ್‌ ಮಹಾ," ಎಂದು ಸಾರುತ್ತಿದ್ದ.

ಪರೀಕ್ಷೆ ಗದಗಿನಲ್ಲಿ. ಮೊದಲೆರಡು ಭಾಗ ಮುಗಿಸಿದ್ದು ನೆನಪೇ ಇಲ್ಲ. ಮೂರನೆಯ ಭಾಗ ತೆರೆದೆ. ಒಂದೊಂದೇ ಪ್ರಶ್ನೆಗೆ ಸುಮಿತ್ರಾಳನ್ನು ಕರೆಸಿ, ಕೇಳಿ, ಕಳಿಸಿ ಗುರುತು ಹಾಕುತ್ತಾ ಹೋದೆ. ಆಕೆ ಮಗ್ಗ ಬಿಟ್ಟು ಬರಲು ಒಮ್ಮೊಮ್ಮೆ ತಡಮಾಡಿದಳು, ಅಷ್ಟರಲ್ಲಿ ಹೊತ್ತು ಹೋಯಿತು. ಹದಿನೇಳನೆಯ ಪ್ರಶ್ನೆಗೆ ಬಂದಾಗ ಐದೇ ನಿಮಿಷ ಉಳಿದಿತ್ತು. ಅಲ್ಲಿ ಅದು ಕುಳಿತಿತ್ತು. ಒಂದು ತ್ರಿಕೋನ, ಎರಡು ತ್ರಿಕೋನ, ಮೂರು ತ್ರಿಕೋನ, ಖಾಲಿ ಚೌಕ. ಆಯ್ಕೆ ಎ, ಎರಡು. ಆಯ್ಕೆ ಬಿ, ನಾಲ್ಕು.

ಆ ಖಾಲಿ ಚೌಕದ ಮುಂದೆ ನಾನು ಮೂರು ನಿಮಿಷ ಕಳೆದೆ. ಎರಡಕ್ಕೆ ಗುರುತು ಹಾಕಿದರೆ ನಾನು ಅಪ್ಪನ ಮಗ. ಬಡ್ತಿ ಹೋದರೆ ಹೋಗಲಿ, ಕಣ್ಣಿನ ತೀರ್ಪು ನನ್ನ ಪರವಾಗಿ ಉಳಿಯುತ್ತದೆ. ನಾಲ್ಕಕ್ಕೆ ಹಾಕಿದರೆ ಮೂವತ್ತಾರು ವರ್ಷಗಳ ಹಿಂದೆ ಮಗ್ಗದ ಮೇಲೆ ಮಾಡಿದ ಅದೇ ತಪ್ಪನ್ನು ಈಗ ತಿಳಿದು ತಿಳಿದು, ಕಪ್ಪು ಮಸಿಯ ಪೆನ್ನಿನಲ್ಲಿ, ಸರಕಾರದ ಸಮ್ಮುಖದಲ್ಲಿ ಮಾಡಿದಂತೆ. ಅಪ್ಪನ ಬೆರಳು ಹಿಟ್ಟಿನ ಮೇಲೆ ಎರಡು ಬೀಜ ಇಟ್ಟದ್ದು ಕಣ್ಣ ಮುಂದೆ ಬಂತು. ಅದೇ ಬೆರಳು ಗೋಡೆ ತಡವುತ್ತಾ ಬಚ್ಚಲಿಗೆ ಹೋಗುವುದೂ ಬಂತು. ಮೇಲ್ವಿಚಾರಣೆಗೆ ನಿಂತ ಮೇಡಂ ಹತ್ತಿರ ಬಂದು, "ಟೈಮ್‌ ಆಗಾಕ ಬಂತ್ರಿ, ಲಗೂ ಮಾಡ್ರಿ," ಎಂದರು. ನಾನು ಬಿ ಎಂಬ ವೃತ್ತವನ್ನು ತುಂಬಿದೆ. ಹದಿಮೂರನೆಯ ವಯಸ್ಸಿನಲ್ಲಿ ಆದಷ್ಟೇ ನಾಚಿಕೆಯಾಯಿತು. ಉಳಿದ ಮೂರು ಪ್ರಶ್ನೆಗಳಿಗೆ ನೋಡದೆ ಗುರುತು ಹಾಕಿ ಎದ್ದೆ.

ಫಲಿತಾಂಶ ಬಂದಾಗ ಮೂರನೆಯ ಭಾಗದಲ್ಲಿ ನನ್ನ ಹೆಸರಿನ ಮುಂದೆ ಎಂಟು ಎಂದಿತ್ತು. ಏಳೂ ಅಲ್ಲ, ಒಂಬತ್ತೂ ಅಲ್ಲ. ಆ ಒಂದು ನಾಲ್ಕು ಇಲ್ಲದಿದ್ದರೆ ನಾನು ಈಗಲೂ ರಾಜೂರಿನಲ್ಲಿ ಜಾಗ ಹುಡುಕುತ್ತಾ ನಿಂತಿರುತ್ತಿದ್ದೆ. ತಿಂಗಳೊಳಗೆ ಗಜೇಂದ್ರಗಡದ ಖುರ್ಚಿಗೆ ಬಂದೆ. ಅಪ್ಪ ಮಾತಿಗೆ ತಪ್ಪಲಿಲ್ಲ. ನಾನು ಹಾಜರಾದ ಮರುದಿನವೇ ಗದಗಿಗೆ ಹೊರಟು ನಿಂತ. ಮೊದಲು ಬಲಗಣ್ಣಿನ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಆಯಿತು. ಬರುವಾಗ ಗಾಡಿಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಕೇಳಿದ.

"ಆ ಬೀಜದ ಲೆಕ್ಕ ಪರೀಕ್ಷಾದಾಗ ಬಂದಿತ್ತೇನು?"

ಬಂದಿರಲಿಲ್ಲ ಎಂದಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನ ಬಾಯಿಗೆ ಯಾವಾಗ ಏನು ಬರಬೇಕೋ ಅದು ಬರುವುದೇ ಇಲ್ಲ. "ಬಂದಿತ್ತಪ್ಪಾ," ಅಂದೆ.

"ಏನ್‌ ಬರದಿ?"

"ಎರಡು."

"ಹಂಗಾದ್ರ ಪುಸ್ತಕದಾಗ ತಪ್ಪಿತ್ತು. ದೊಡ್ಡ ಪರೀಕ್ಷಾ ಮಾಡಾವ್ರಿಗೆ ಕಣ್ಣ ಇರತಾವ." ಅಪ್ಪ ಸೀಟಿಗೆ ಒರಗಿ ನೆಮ್ಮದಿಯಿಂದ ಉಸಿರುಬಿಟ್ಟ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. "ಆ ಹಾಳಿ ಮನ್ಯಾಗ ಐತೇನು?"

ಹಾಳೆ ಮನೆಯಲ್ಲಿತ್ತು. ಪ್ರಶ್ನೆಪತ್ರಿಕೆಯನ್ನೂ ಉತ್ತರಪತ್ರಿಕೆಯ ಕಾರ್ಬನ್‌ ಪ್ರತಿಯನ್ನೂ ಮನೆಗೆ ಒಯ್ಯಲು ಬಿಟ್ಟಿದ್ದರು. ಪಾಸಾದ ದಿನ ಸುಮಿತ್ರಾ ಅವೆರಡನ್ನೂ ದೇವರ ಜಗುಲಿಯ ಮೇಲೆ ಇಟ್ಟು ಕುಂಕುಮ ಹಚ್ಚಿದ್ದಳು. "ಐತಿ," ಅಂದೆ.

"ಚಷ್ಮಾ ಬಂದ ಕೂಡ್ಲೆ ಮೊದಲು ಅದನ್ನ ತೋರಸು. ಹುಣಸಿ ಬೀಜ ಮುಟ್ಟಿ ನೋಡೀನಿ. ನಿನ್ನ ಗುರುತು ಕಣ್ಣಿಲೆ ನೋಡತೀನಿ."

ಅಂದಿನಿಂದ ನನಗೆ ಹೊಸ ಉದ್ಯೋಗ. ಎರಡು ತಾಸಿಗೊಮ್ಮೆ ಕಚೇರಿಯಿಂದ ಎಂಟು ನಿಮಿಷ ನಡೆದು ಬರುತ್ತೇನೆ, ಸೋಪು ಹಚ್ಚಿ ಕೈ ತೊಳೆಯುತ್ತೇನೆ, ಹನಿ ಹಾಕುತ್ತೇನೆ, ಎಂಟು ನಿಮಿಷ ನಡೆದು ಹೋಗುತ್ತೇನೆ. ಹನಿ ಒಂದೂ ಮೂಗಿನ ಮೇಲೆ ಬಿದ್ದಿಲ್ಲ. ಕಣ್ಣು ದಿನದಿನಕ್ಕೆ ತಿಳಿಯಾಗುತ್ತಿದೆ. ಮೊನ್ನೆ ಗೋಡೆಯ ಮೇಲಿನ ಕ್ಯಾಲೆಂಡರಿನ ದೊಡ್ಡ ಅಂಕಿ ಓದಿದ, ನಿನ್ನೆ ಅದರ ಕೆಳಗಿನ ಸಣ್ಣ ಅಕ್ಷರಕ್ಕೆ ಕಣ್ಣು ಕಿರಿದು ಮಾಡಿ ಪ್ರಯತ್ನಿಸಿದ. ಮನೆಮಂದಿಯೆಲ್ಲ ಹಿಗ್ಗಿದರು, ನಾನೂ ಹಿಗ್ಗಿದೆ, ಹಿಗ್ಗುತ್ತಲೇ ಜಗುಲಿಯ ಕಡೆ ನೋಡಿದೆ. ಆ ಕಾರ್ಬನ್‌ ಪ್ರತಿಯನ್ನು ಮಾಯ ಮಾಡೋಣವೆಂದು ಒಮ್ಮೆ ಕೈ ಹಾಕಿದ್ದೂ ಉಂಟು. ಸುಮಿತ್ರಾ ಹಿಂದೆಯೇ ನಿಂತಿದ್ದಳು.

"ದೇವರ ಮುಂದಿನ ಹಾಳಿ ಯಾಕ ಮುಟ್ಟತೀರಿ?"

"ಧೂಳ ಕೂತಿತ್ತು."

"ಹದಿನೇಳನೇದರ ಮ್ಯಾಲ ಕೂತೈತೇನ್ರಿ?" ಎಂದಳು. ನಾನು ಹಾಳೆಯನ್ನು ಇದ್ದಲ್ಲೇ ಇಟ್ಟೆ. "ನಾ ಎಂದೋ ನೋಡೀನಿ. ನಾ ಹೇಳಂಗಿಲ್ಲ. ಮಾವಾರು ಕೇಳಿದ್ರ ಸುಳ್ಳೂ ಹೇಳಂಗಿಲ್ಲ," ಎಂದು ಮಗ್ಗಕ್ಕೆ ಹೋದಳು.

ಸೋಮವಾರ ಚಷ್ಮಾ ಬರುತ್ತದಂತೆ. ಈ ಮಧ್ಯಾಹ್ನ ಹನಿ ಹಾಕಲು ಬಂದಾಗ ಅಪ್ಪ ಕೌದಿಯ ಮೇಲೆ ಅಂಗಾತ ಮಲಗಿದ್ದ. ಅವನ ಕೈ ಸುಮ್ಮನೆ ಅವ್ವ ಹೊಲಿದ ಹಳೆಯ ತುಂಡಿನ ಮೇಲೆ ಆಡುತ್ತಿತ್ತು. ನಾನು ಬಾಗಿ ರೆಪ್ಪೆ ಬಿಡಿಸಿ ಸೀಸೆ ಹಿಡಿದೆ. ನನಗೆ ಕಣ್ಣಿಲ್ಲ ಎಂದ ಕಣ್ಣು, ಬಂತು ಎಂದ ಕಣ್ಣು, ಸೋಮವಾರ ಇಲ್ಲವೇ ಇಲ್ಲ ಎನ್ನಬಹುದಾದ ಕಣ್ಣು, ಅಷ್ಟು ಹತ್ತಿರದಿಂದ ನನ್ನನ್ನೇ ನೋಡುತ್ತಿತ್ತು. ಒಂದು ಹನಿ ಸರಿಯಾಗಿ ಬಿತ್ತು.

"ಕೈ ಯಾಕ ನಡಗಾಕತ್ತಾವ?" ಎಂದು ಅಪ್ಪ ಕೇಳಿದ.

"ಥಂಡಿ ಅಪ್ಪಾ," ಅಂದೆ. ಹೊರಗೆ ಗಜೇಂದ್ರಗಡದ ಏಪ್ರಿಲ್‌ ತಿಂಗಳ ಬಿಸಿಲು ಸುಡುತ್ತಿತ್ತು.